ವೆಸ್ಟ್‌ವುಡ್, ಆಶ್ಲಿ

(ಜನನ 1976) ರಕ್ಷಣಾಪಂಕ್ತಿಯ ಆಟಗಾರರಾಗಿದ್ದು ತರುವಾಯ ತರಬೇತುದಾರರಾದ ಇಂಗ್ಲೆಂಡಿನ ಕಾಲ್ಚೆಂಡಾಟಗಾರರು. ಬೆಂಗಳೂರು ಫುಟ್‌ಬಾಲ್ ಕ್ಲಬ್ಬಿನ ಪ್ರಥಮ ಮುಖ್ಯ ತರಬೇತುದಾರರು. ಸ್ವದೇಶದಲ್ಲಿ ಕ್ರೂ ಅಲೆಕ್ಸಾಂಡ್ರ, ಬ್ರಾಡ್‌ಫರ್ಡ್ ಸಿಟಿ, ಷೆಫೀಲ್ಡ್ ವೆನ್ಸ್‌ಡೇ ಮೊದಲಾದ ತಂಡಗಳಲ್ಲಿ ಆಡಿದರು.

ದೂರವಾಣಿನಗರದ ಐಟಿಐ, ವಿಮಾನ ಕಾರ್ಖಾನೆಯ ಎಚ್‌ಎಎಲ್ ಮುಂತಾದ ಉದ್ಯಮಗಳ ತಂಡಗಳು ಬಹುಕಾಲ ಪೋಷಿಸಿಕೊಂಡು ಬಂದಿದ್ದ ಬೆಂಗಳೂರಿನ ಕಾಲ್ಚೆಂಡಾಟದಲ್ಲಿ, 2013ರಲ್ಲಿ ಜೆಎಸ್‌ಡಬ್ಲ್ಯು ಸಮೂಹದ ಆಶ್ರಯದಿಂದ ನೂತನ ವೃತ್ತಿಪರ ಸಂಘವೊಂದು ಜನ್ಮತಾಳಿದಾಗ, ಅದರ ಸಾರಥ್ಯ ಇವರ ಪಾಲಿಗೆ ಬಂದಿತು. ದೇಹದಾರ್ಢ್ಯ, ಆಹಾರನಿಯಮ, ಎದುರಾಳಿಗಳ ಆಟದ ಸೂಕ್ಷ್ಮಾಧ್ಯಯನ ಇವುಗಳಿಗೆ ಅವರು ಕೊಟ್ಟ ಪ್ರಾಧಾನ್ಯವೂ, ಜಾನ್ ಜಾನ್ಸನ್ ಮತ್ತು ಕೀನ್ಯದ ಕರ್ಟಿಸ್ ಒಸಾನೊ ಇವರನ್ನು ಆಧಾರಸ್ತಂಭಗಳಾಗಿಸಿ ಕಟ್ಟಿದ ರಕ್ಷಣಾವ್ಯೂಹವೂ, ಸುನಿಲ್ ಛೇತ್ರಿಯವರ ನಾಯಕತ್ವವೂ ಸಮನ್ವಯಗೊಂಡುದರ ಫಲವಾಗಿ, ಸಂಘವು ತನ್ನ ಪ್ರಥಮ ವರ್ಷದಲ್ಲಿಯೇ ರಾಷ್ಟ್ರೀಯ ಲೀಗಾದ ಐ-ಲೀಗ್ ಪ್ರಶಸ್ತಿಯನ್ನು ಗೆದ್ದಿತು. ಇದು ಗಮನಾರ್ಹ ಸಾಧನೆ. 2015ರ ಜನವರಿಯಲ್ಲಿ ಡೆಂಪೊ ತಂಡವನ್ನು 2-1ರಿಂದ ಸೋಲಿಸಿ ಫೆಡರೇಷನ್ ಕಪ್ ಪಡೆದರು. ಅದೇ ವರ್ಷದ ಮೇ 31ರಂದು ಕಂಠೀರವ ಕ್ರೀಡಾಂಗಣದಲ್ಲಿ, ಆಟ ಮುಗಿಯಲು ಕೆಲವೇ ನಿಮಿಷಗಳಿರುವಾಗ ಮೋಹನ್ ಬಾಗಾನ್ ತಂಡವು ಸಮಬಲ ಸಾಧಿಸಿದ್ದರಿಂದ ಲೀಗ್ ಕೈತಪ್ಪಿತಾದರೂ, 2016ರಲ್ಲಿ ಅದನ್ನು ಪುನಃ ಗಳಿಸಿಯೇ ನಿರ್ಗಮಿಸಿದರು.

ಮುಂದೆ ಆಫ್ಘಾನಿಸ್ತಾನ ರಾಷ್ಟ್ರೀಯ ತಂಡದ ತರಬೇತುದಾರರಾದ ವೆಸ್ಟ್‌ವುಡ್, 2024ರ ಮಾರ್ಚ್‌ನಲ್ಲಿ ಗುವಾಹಟಿಯಲ್ಲಿ ಭಾರತವನ್ನು 2-1ರಿಂದ ಪರಾಜಯಗೊಳಿಸಿದರು. ಬಳಿಕ ಹಾಂಗ್‌ಕಾಂಗ್ ತಂಡದ ಹೊಣೆ ಹೊತ್ತರು.