ದೇವರ ಹೆಸರನ್ನು ಯಾರು ಹೇಳಬೇಕು?



ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ಮಗಳು ಹೊರದೇಶದ ವಿಶ್ವವಿದ್ಯಾಲಯವೊಂದರಲ್ಲಿ ಆಫ್ರಿಕಾದ ಧರ್ಮಗಳನ್ನೂ ಆಫ್ರಿಕನ್ನರು ಕಡಲಾಚೆಗೆ ಒಯ್ದ ಧರ್ಮಗಳನ್ನೂ ವ್ಯಾಸಂಗಕ್ಕೆ ಆಯ್ದುಕೊಂಡಿದ್ದಾಳೆ. “ಮೇಷ್ಟ್ರೇ, ಇದರಲ್ಲಿ ಓದುವುದಕ್ಕೆ ಏನಿದೆ?” ಎಂದು ಆಕೆಯ ತಂದೆ ಕೇಳಿದರು. ಪ್ರಶ್ನೆ ಸಹಜವಾದದ್ದೇ. ನಾನು ಪಾಠ ಹೇಳುತ್ತಿದ್ದ ಕಾಲದ ಪುಸ್ತಕಗಳಲ್ಲಿ ಆಫ್ರಿಕಾ ಎಂದರೆ ಈಜಿಪ್ಟಿನ ಪಿರಮಿಡ್ಡುಗಳು, ಲಿವಿಂಗ್‌ಸ್ಟನ್ನನ ಪ್ರಯಾಣ, ಬಳಿಕ ಯೂರೋಪಿನವರು ಹಂಚಿಕೊಂಡ ಭೂಪಟ, ಇಷ್ಟೇ. ಆ ಜನ ಯಾರನ್ನು ಪೂಜಿಸುತ್ತಿದ್ದರು, ಗತಿಸಿದ ಹಿರಿಯರನ್ನು ಹೇಗೆ ನೆನೆಯುತ್ತಿದ್ದರು ಎಂಬ ಮಾತಿಗೆ ಅಲ್ಲಿ ಎಡೆಯಿರಲಿಲ್ಲ. ಉತ್ತರ ಎರಡು ಮಾತಿನಲ್ಲಿ ಮುಗಿಯುವಂಥದ್ದಲ್ಲವಾದ್ದರಿಂದ ಇಲ್ಲಿ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಮೊದಲು ಪದಗಳ ವಿಚಾರ. ಪಶ್ಚಿಮ ಆಫ್ರಿಕಾದ ಕರಾವಳಿಗೆ ಬಂದ ಪೋರ್ಚುಗೀಸ್ ನಾವಿಕರು ಅಲ್ಲಿನ ಪೂಜಾವಸ್ತುಗಳನ್ನು ತಮ್ಮ ಭಾಷೆಯಲ್ಲಿ ‘ಫೆಯ್ತಿಸೊ’, ಅಂದರೆ ಮಾಟದ ವಸ್ತು, ಎಂದು ಕರೆದರು. ಇದೇ ಪದ ಮುಂದೆ ‘ಫೆಟಿಶ್’ ಆಯಿತು. 1760ರಲ್ಲಿ ಫ್ರಾನ್ಸಿನ ಶಾರ್ಲ್ ದ ಬ್ರೋಸ್ ಆ ಪದವನ್ನು ಹಿಗ್ಗಿಸಿ ಒಂದು ಇಡೀ ಬಗೆಯ ಧರ್ಮಕ್ಕೆ ಹೆಸರಾಗಿಸಿದ. 1871ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಟೈಲರ್, ವಸ್ತುಗಳಲ್ಲೆಲ್ಲ ಚೇತನವಿದೆಯೆಂಬ ನಂಬಿಕೆಗೆ ‘ಆನಿಮಿಸಂ’ ಎಂದು ಕರೆದು, ಅದನ್ನು ಧರ್ಮದ ಏಣಿಯ ಕೆಳಗಿನ ಮೆಟ್ಟಿಲಲ್ಲಿ ಇರಿಸಿದ. ಇವರಿಬ್ಬರೂ ಆಫ್ರಿಕಾದಲ್ಲಿ ನೆಲೆಸಿ ಅಭ್ಯಾಸ ಮಾಡಿದವರಲ್ಲ. ಆದರೂ ಅವರ ಪದಗಳು ನೂರಾರು ವರ್ಷ ಬಾಳಿದವು. ಯಾರ ಧರ್ಮಕ್ಕೆ ಆ ಹೆಸರಿಟ್ಟರೋ ಅವರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ಎರಡನೆಯ ಮಹಾಯುದ್ಧದ ಅನಂತರ ಪರಿಸ್ಥಿತಿ ಬದಲಾಗತೊಡಗಿತು. 1948ರಲ್ಲಿ ನೈಜೀರಿಯಾದ ಇಬಾದಾನ್ ನಗರದಲ್ಲಿ, ಲಂಡನ್ ವಿಶ್ವವಿದ್ಯಾಲಯಕ್ಕೆ ಸೇರಿದಂತೆ ಒಂದು ಕಾಲೇಜು ಸ್ಥಾಪನೆಯಾಯಿತು. ಮರುವರ್ಷ ಜೆಫ್ರಿ ಪ್ಯಾರಿಂಡರ್ ಎಂಬವರು ಅಲ್ಲಿಗೆ ಧರ್ಮಾಧ್ಯಯನದ ಅಧ್ಯಾಪಕರಾಗಿ ಬಂದರು. ಇವರು ಮೊದಲು ಪಶ್ಚಿಮ ಆಫ್ರಿಕಾದಲ್ಲಿ ಮೆಥಡಿಸ್ಟ್ ಪಾದ್ರಿಯಾಗಿದ್ದವರು. ಕ್ರೈಸ್ತ ಮತ್ತು ಇಸ್ಲಾಂ ಧರ್ಮಗಳ ಜೊತೆಗೆ ಆ ನೆಲದ ಧರ್ಮವೂ ಪಾಠವಾಗಬೇಕೆಂದು ಅವರು ಭಾವಿಸಿದರು. 1954ರಲ್ಲಿ ಪ್ರಕಟವಾದ ಅವರ ಪುಸ್ತಕದ ಹೆಸರೇ ‘ಆಫ್ರಿಕನ್ ಟ್ರೆಡಿಷನಲ್ ರಿಲಿಜನ್’. ‘ಫೆಟಿಶ್’ ಎಂಬ ಪದದ ಜಾಗದಲ್ಲಿ ‘ಸಾಂಪ್ರದಾಯಿಕ ಧರ್ಮ’ ಎಂಬ ಗೌರವದ ಹೆಸರು ತರಗತಿಯ ಹಲಗೆಯ ಮೇಲೆ ಬರುವುದಕ್ಕೆ ಇಂಥವರ ದುಡಿಮೆ ಕಾರಣ.

ಬಳಿಕ ಆಫ್ರಿಕನ್ನರೇ ಅಧ್ಯಾಪಕ ಪೀಠಕ್ಕೆ ಬಂದರು. ಇಬಾದಾನಿನ ಬೊಲಾಜಿ ಇದೋವು 1962ರಲ್ಲಿ ಯೊರುಬಾ ಜನರ ಪರಮದೈವವಾದ ಒಲೊದುಮಾರೆಯನ್ನು ಕುರಿತು ಬರೆದರು. ಒರಿಶಾಗಳೆಂಬ ಅನೇಕ ದೇವತೆಗಳು ಆ ಪರಮದೈವದ ಕಾರ್ಯನಿರ್ವಾಹಕರು, ಆದ್ದರಿಂದ ಇದನ್ನು ಬರಿಯ ಬಹುದೇವತಾರಾಧನೆ ಎನ್ನುವುದು ಸರಿಯಲ್ಲ ಎಂಬುದು ಅವರ ವಾದ. ಕೀನ್ಯಾದ ಜಾನ್ ಎಂಬಿಟಿ, ಉಗಾಂಡಾದ ಮಕೆರೆರೆ ವಿಶ್ವವಿದ್ಯಾಲಯದಲ್ಲಿ ಬೋಧಿಸುತ್ತ, 1969ರಲ್ಲಿ ‘ಆಫ್ರಿಕನ್ ರಿಲಿಜನ್ಸ್ ಅಂಡ್ ಫಿಲಾಸಫಿ’ ಎಂಬ ಗ್ರಂಥವನ್ನು ಹೊರತಂದರು. ಜಗತ್ತಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ ಅದು ಪಠ್ಯವಾಯಿತು. ಇಬ್ಬರೂ ಕ್ರೈಸ್ತ ಪಾದ್ರಿಗಳು ಎಂಬುದನ್ನು ಗಮನಿಸಬೇಕು. ‘ಆಫ್ರಿಕನ್ನರಿಗೆ ದೇವರೇ ಗೊತ್ತಿರಲಿಲ್ಲ’ ಎಂಬ ಅಪವಾದವನ್ನು ತೊಡೆಯುವುದು ಅವರ ಹಂಬಲವಾಗಿತ್ತು.

ಇದಕ್ಕೂ ಒಬ್ಬರು ಆಕ್ಷೇಪವೆತ್ತಿದರು. ಅವರು ಉಗಾಂಡಾದ ಅಚೋಲಿ ಜನಾಂಗದ ಕವಿ ಒಕೊಟ್ ಪಿ’ಬಿಟೆಕ್. ಆಕ್ಸ್‌ಫರ್ಡಿನಲ್ಲಿ ಮಾನವಶಾಸ್ತ್ರ ಓದಲು ಹೋದಾಗ, ಮೊದಲ ಉಪನ್ಯಾಸದಲ್ಲಿಯೇ ಆಫ್ರಿಕನ್ನರನ್ನು ಅನಾಗರಿಕರು, ಕಾಡುಜನರು ಎಂದು ಕರೆದದ್ದನ್ನು ಅವರು ಎದ್ದುನಿಂತು ಪ್ರತಿಭಟಿಸಿದ್ದರು, ಪ್ರಯೋಜನವಾಗಲಿಲ್ಲ. 1970ರ ತಮ್ಮ ಗ್ರಂಥದಲ್ಲಿ ಅವರು ಕೇಳಿದ್ದು ಇದು: ನಮ್ಮ ದೈವಗಳು ಗೌರವಾರ್ಹವೆಂದು ತೋರಿಸಲು ಅವುಗಳಿಗೆ ಕ್ರೈಸ್ತರ ದೇವರ ಉಡುಪನ್ನು ಏಕೆ ತೊಡಿಸಬೇಕು?

ಆ ಗ್ರಂಥದಲ್ಲಿ ಅವರು ಹೇಳುವ ಒಂದು ಪ್ರಸಂಗವನ್ನು ಇತಿಹಾಸ ಕಲಿಯುವ ಪ್ರತಿಯೊಬ್ಬರೂ ತಿಳಿದಿರಬೇಕು. 1911ರಲ್ಲಿ ಇಟಲಿಯ ಪಾದ್ರಿಗಳು ಅಚೋಲಿ ಹಿರಿಯರನ್ನು ಕೂಡಿಸಿ “ನಿಮ್ಮನ್ನು ಸೃಷ್ಟಿಸಿದವರು ಯಾರು?” ಎಂದು ಕೇಳಿದರು. ಅವರ ಭಾಷೆಯಲ್ಲಿ ‘ಸೃಷ್ಟಿ’ ಎಂಬುದಕ್ಕೆ ಪ್ರತ್ಯೇಕ ಪದವಿರಲಿಲ್ಲ. ಹೀಗಾಗಿ ಪ್ರಶ್ನೆ “ನಿಮ್ಮನ್ನು ಮಣ್ಣಿನ ಮಡಕೆಯಂತೆ ತಿದ್ದಿ ರೂಪಿಸಿದವರು ಯಾರು?” ಎಂದಾಯಿತು. ಹಿರಿಯರಿಗೆ ಇದು ಅರ್ಥವಾಗಲಿಲ್ಲ. ತಾಯಿಯ ಹೊಟ್ಟೆಯಿಂದ ಹುಟ್ಟಿದವರು ತಾವು. ಪಾದ್ರಿಗಳು ಬಿಡದೆ ಒತ್ತಾಯಿಸಿದಾಗ ಒಬ್ಬ ಹಿರಿಯರಿಗೆ ನೆನಪಾಯಿತು: ಸರಿಯಾಗಿ ಹುಟ್ಟಿದ ಮನುಷ್ಯನಿಗೂ ಬೆನ್ನುಮೂಳೆಯ ಕ್ಷಯ ತಗುಲಿದರೆ ಬೆನ್ನು ಗೂನಾಗಿ ಆಕಾರವೇ ಬದಲಾಗುತ್ತದೆ. ಅದಕ್ಕೆ ಕಾರಣವೆಂದು ಅವರು ನಂಬಿದ್ದ ಕ್ಷುದ್ರಶಕ್ತಿಯ ಹೆಸರು ‘ರುಬಂಗ’. “ಜನರನ್ನು ತಿದ್ದುವವನು ರುಬಂಗ” ಎಂದು ಆತ ಉತ್ತರಿಸಿದ. ಪಾದ್ರಿಗಳು ಆ ಹೆಸರನ್ನು ಬರೆದುಕೊಂಡರು. ಸ್ವರ್ಗದಲ್ಲಿರುವ ಪರಮಪಿತನ ಹೆಸರು ರುಬಂಗ ಎಂದು ಬೋಧಿಸಿದರು! ಮನೆಯವರ ಭಾಷೆ ತಿಳಿಯದೆ ಅವರ ದೇವರನ್ನು ವಿಚಾರಿಸಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಾಗಾದರೆ ಒಳಗಿನವರ ವಿದ್ಯೆ ಹೇಗಿರುತ್ತದೆ? ಇದಕ್ಕೆ ಯೊರುಬಾ ಜನರ ಇಫಾ ಪದ್ಧತಿಯನ್ನು ನೋಡೋಣ. ಇಫಾ ಎಂದರೆ ಕಷ್ಟ ಬಂದವರು ಕೇಳುವ ಶಕುನ. ಅದನ್ನು ಬಲ್ಲವನು ಬಾಬಲಾವೊ. ಆತ 16 ತಾಳೆಬೀಜಗಳನ್ನು ಒಂದು ಕೈಯಲ್ಲಿಟ್ಟುಕೊಂಡು ಮತ್ತೊಂದು ಕೈಯಿಂದ ಬಾಚಿ ತೆಗೆಯುತ್ತಾನೆ. ಕೈಯಲ್ಲಿ ಎರಡು ಬೀಜ ಉಳಿದರೆ ಹುಡಿ ಹರಡಿದ ಹಲಗೆಯ ಮೇಲೆ ಒಂದು ಗೆರೆ, ಒಂದು ಉಳಿದರೆ ಎರಡು ಗೆರೆ. ಹೀಗೆ ಎಂಟು ಗುರುತುಗಳು ಮೂಡುವವರೆಗೆ ನಡೆಯುತ್ತದೆ. ಎರಡನ್ನು ಎಂಟು ಬಾರಿ ಗುಣಿಸಿ ನೋಡಿ: 256 ಬಗೆಯ ವಿನ್ಯಾಸಗಳಾಗುತ್ತವೆ. ಪ್ರತಿಯೊಂದಕ್ಕೂ ‘ಓದು’ ಎಂದು ಹೆಸರು. ನಮ್ಮ ‘ಓದು’ ಪದಕ್ಕೂ ಇದಕ್ಕೂ ಸಂಬಂಧವಿಲ್ಲ, ಕಿವಿಗೆ ಮಾತ್ರ ಒಂದೇ. ಒಂದೊಂದು ಓದುವಿಗೂ ಅನೇಕ ಪದ್ಯಗಳು, ಕಥೆಗಳು, ಮೂಲಿಕೆಗಳು, ನೈವೇದ್ಯಗಳು ಸೇರಿರುತ್ತವೆ. ಇವೆಲ್ಲವೂ ಬಾಯಿಪಾಠ. ಗುರುವಿನ ಮನೆಯಲ್ಲಿ ಹತ್ತಾರು ವರ್ಷ ಇದ್ದು ಕಲಿಯಬೇಕು. ಅಕ್ಷರವಿಲ್ಲದ್ದರಿಂದ ಅದು ವಿದ್ಯೆಯೇ ಅಲ್ಲ ಎಂದು ಹೇಳುವುದು ಗುರುಮುಖದಿಂದ ಕಲಿಯುವ ಪರಂಪರೆಯನ್ನು ಬಲ್ಲ ನಮಗೆ ಸಾಧ್ಯವಾಗದು.

ಓಯೊ ಪಟ್ಟಣದ ವಾಂಡೆ ಅಬಿಂಬೊಲ ಈ ಪರಂಪರೆಯ ಒಳಗಿನಿಂದಲೇ ಬಂದವರು. ಲಾಗೋಸ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು, 1976ರಲ್ಲಿ ಇಫಾ ಸಾಹಿತ್ಯವನ್ನು ಕುರಿತ ದೊಡ್ಡ ಗ್ರಂಥ ಪ್ರಕಟಿಸಿದರು. 1982ರಿಂದ 1989ರವರೆಗೆ ಇಫೆ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. ಕುಲಪತಿಯೂ ಅವರೇ, ಬಾಬಲಾವೊ ಕೂಡ ಅವರೇ! 2005ರಲ್ಲಿ ಯುನೆಸ್ಕೊ ಇಫಾ ಪದ್ಧತಿಯನ್ನು ಮಾನವಕುಲದ ಅಮೂರ್ತ ಪರಂಪರೆಯೆಂದು ಘೋಷಿಸಿತು.

ಇನ್ನು ಕಡಲಾಚೆಯ ಕಥೆ. 16ನೆಯ ಶತಮಾನದಿಂದ 19ನೆಯ ಶತಮಾನದವರೆಗೆ ಸುಮಾರು 1 ಕೋಟಿ 25 ಲಕ್ಷ ಆಫ್ರಿಕನ್ನರನ್ನು ಗುಲಾಮರನ್ನಾಗಿ ಅಟ್ಲಾಂಟಿಕ್ ಹಡಗುಗಳಿಗೆ ತುಂಬಲಾಯಿತು. ಅವರಲ್ಲಿ ಜೀವಂತ ದಡ ಸೇರಿದವರು ಸುಮಾರು 1 ಕೋಟಿ 7 ಲಕ್ಷ. ಇವರಲ್ಲಿ ಹೆಚ್ಚುಕಡಿಮೆ 50 ಲಕ್ಷ ಜನರನ್ನು ಇಳಿಸಿದ್ದು ಬ್ರೆಜಿಲಿನಲ್ಲಿ. ಬಟ್ಟೆಬರೆ, ಹೆಸರು, ಬಂಧುಬಳಗ ಎಲ್ಲವನ್ನೂ ಕಳೆದುಕೊಂಡವರ ಬಳಿ ಉಳಿದದ್ದು ನೆನಪು ಮಾತ್ರ. ಆ ನೆನಪಿನಿಂದಲೇ ಬ್ರೆಜಿಲಿನಲ್ಲಿ ಕಂದೊಂಬ್ಲೆ, ಕ್ಯೂಬಾದಲ್ಲಿ ಸಾಂತೆರಿಯ, ಹೈಟಿಯಲ್ಲಿ ವೊಡೂ ಎಂಬ ಧರ್ಮಗಳು ರೂಪುಗೊಂಡವು.

ಬ್ರೆಜಿಲಿನಲ್ಲಿ 1888ರಲ್ಲಿ ಗುಲಾಮಗಿರಿ ರದ್ದಾಯಿತು. ಎರಡೇ ವರ್ಷದಲ್ಲಿ, 1890ರ ದಂಡಸಂಹಿತೆಯು ಮಾಟಮಂತ್ರ, ನಾಟಿವೈದ್ಯಗಳನ್ನು ಅಪರಾಧವೆಂದು ಸಾರಿತು. ಪೊಲೀಸರು ಕಂದೊಂಬ್ಲೆ ಮನೆಗಳಿಗೆ ನುಗ್ಗಿ ಪವಿತ್ರ ವಸ್ತುಗಳನ್ನು ಹೊತ್ತೊಯ್ದರು. ಬಾಹಿಯಾ ಪ್ರಾಂತದ ಸಾಲ್ವಡೋರ್ ನಗರದಲ್ಲಿ ಈ ಧರ್ಮವನ್ನು ಮೊದಲು ಅಭ್ಯಸಿಸಿದ ವಿದ್ವಾಂಸ ನೀನಾ ರೊಡ್ರಿಗಸ್ ವೈದ್ಯಕೀಯ ಕಾಲೇಜಿನಲ್ಲಿ ನ್ಯಾಯವೈದ್ಯಶಾಸ್ತ್ರದ ಪ್ರಾಧ್ಯಾಪಕ. ಮೈಮೇಲೆ ದೈವ ಬರುವುದು ಆತನ ಕಣ್ಣಿಗೆ ಉನ್ಮಾದದ ಒಂದು ಬಗೆ. ಆದರೂ ಆತ ಬರೆದಿಟ್ಟ ವಿವರಗಳು ಇಂದಿಗೂ ಉಪಯುಕ್ತ. ಹೀಗೆ ಆ ಧರ್ಮದ ಮೊದಲ ದಾಖಲೆಗಳು ಪೊಲೀಸರ ಮತ್ತು ವೈದ್ಯರ ಕೈಯಿಂದ ಬಂದವು. ರಿಯೊ ನಗರದ ಪೊಲೀಸರು ವಶಪಡಿಸಿಕೊಂಡಿದ್ದ 500ಕ್ಕೂ ಹೆಚ್ಚು ವಸ್ತುಗಳು ಪೊಲೀಸ್ ಇಲಾಖೆಯಿಂದ ಬಿಡುಗಡೆಯಾಗಿ ಗಣರಾಜ್ಯ ವಸ್ತುಸಂಗ್ರಹಾಲಯವನ್ನು ಸೇರಿದ್ದು 2020ರಲ್ಲಿ.

ಅದೇ ಸಾಲ್ವಡೋರಿನಲ್ಲಿ 1910ರಲ್ಲಿ ಒಂದು ಪ್ರಸಿದ್ಧ ಕಂದೊಂಬ್ಲೆ ಮನೆಯನ್ನು ಸ್ಥಾಪಿಸಿದ ತಾಯಿ ಅನಿನ್ಯಾ ಎಂಬ ಅರ್ಚಕಿಯನ್ನು ಕುರಿತು ಹೇಳಲೇಬೇಕು. 1937ರಲ್ಲಿ ಆ ನಗರದಲ್ಲಿ ನಡೆದ ವಿದ್ವಾಂಸರ ಸಮ್ಮೇಳನಕ್ಕೆ ಆಕೆ ಆಫ್ರಿಕಾ ಮೂಲದ ಅಡುಗೆಗಳನ್ನು ಕುರಿತು ಲೇಖನ ನೀಡಿದರು. ತಮ್ಮ ಮಕ್ಕಳು ಬೆರಳಿಗೆ ಪದವೀಧರರ ಉಂಗುರ ತೊಟ್ಟು ಶಾಂಗೊ ದೇವರ ಪಾದದ ಬಳಿ ಇರಬೇಕೆಂಬುದು ಆಕೆಯ ಆಸೆಯಾಗಿತ್ತೆಂದು ಅಲ್ಲಿನವರು ಇಂದಿಗೂ ನೆನೆಯುತ್ತಾರೆ. ವಿದ್ಯೆಗಾಗಿ ದೈವವನ್ನೂ ಬಿಡಬಾರದು, ದೈವಕ್ಕಾಗಿ ವಿದ್ಯೆಯನ್ನೂ ಬಿಡಬಾರದು! 1959ರಲ್ಲಿ ಬಾಹಿಯಾ ವಿಶ್ವವಿದ್ಯಾಲಯದಲ್ಲಿ ಆಫ್ರೋ-ಪೌರ್ವಾತ್ಯ ಅಧ್ಯಯನ ಕೇಂದ್ರ ಆರಂಭವಾಗಿ ಯೊರುಬಾ ಭಾಷೆಯ ಪಾಠಗಳೂ ನಡೆದವು. ಅನಿನ್ಯಾ ಅವರ ಮನೆಯನ್ನು 1976ರಿಂದ ನಡೆಸಿದ ತಾಯಿ ಸ್ಟೆಲ್ಲಾ ವೃತ್ತಿಯಿಂದ ದಾದಿ, ಪುಸ್ತಕಗಳ ಲೇಖಕಿ. 2013ರಲ್ಲಿ ಅವರು ಬಾಹಿಯಾದ ಸಾಹಿತ್ಯ ಅಕಾಡೆಮಿಗೆ ಆಯ್ಕೆಯಾದರು.

ಅಮೆರಿಕದ ವಿದ್ವಾಂಸರೂ ಇದೇ ಬಾಹಿಯಾಕ್ಕೆ ಬಂದು ವಾದಿಸಿದರು. ಮೆಲ್ವಿಲ್ ಹರ್ಸ್‌ಕೋವಿಟ್ಸ್ 1941ರ ತಮ್ಮ ಗ್ರಂಥದಲ್ಲಿ, ಅಮೆರಿಕದ ಕರಿಯರ ಬದುಕಿನಲ್ಲಿ ಆಫ್ರಿಕಾ ಇನ್ನೂ ಉಳಿದಿದೆ ಎಂದರು. ಸ್ವತಃ ಕರಿಯರಾಗಿದ್ದ ಸಮಾಜಶಾಸ್ತ್ರಜ್ಞ ಫ್ರಾಂಕ್ಲಿನ್ ಫ್ರೇಜಿಯರ್ ಒಪ್ಪಲಿಲ್ಲ. ಗುಲಾಮಗಿರಿ ಎಲ್ಲವನ್ನೂ ನುಚ್ಚುನೂರು ಮಾಡಿತು ಎಂಬುದು ಅವರ ನಿಲುವು. ‘ಇವರು ಬೇರೆಯೇ ಜನ’ ಎಂದು ದೂರವಿಡುವವರ ಕೈಗೆ ಹರ್ಸ್‌ಕೋವಿಟ್ಸರ ಮಾತು ಆಯುಧವಾದೀತೆಂಬ ಅಳುಕೂ ಅವರಿಗಿತ್ತು. 1968-69ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ಕಾಲೇಜಿನ ವಿದ್ಯಾರ್ಥಿಗಳು ಸುಮಾರು ಐದು ತಿಂಗಳು ಮುಷ್ಕರ ಹೂಡಿ ಕರಿಯರ ಅಧ್ಯಯನ ವಿಭಾಗವನ್ನು ಪಡೆದರು. 1978ರಲ್ಲಿ ಆಲ್ಬರ್ಟ್ ರಾಬೊಟೊ ಗುಲಾಮರ ಧರ್ಮವನ್ನು ಕುರಿತು ಬರೆದ ಗ್ರಂಥದಲ್ಲಿ ಈ ಎರಡೂ ವಾದಗಳನ್ನು ತೂಗಿನೋಡಿದರು.

ಇದರಿಂದ ಪ್ರಯೋಜನವೇನು? ಫ್ಲಾರಿಡಾದ ಹೈಯಲೀಯ ನಗರಸಭೆ 1987ರಲ್ಲಿ, ಸಾಂತೆರಿಯ ಭಕ್ತರು ಅಲ್ಲಿ ಪೂಜಾಮಂದಿರ ತೆರೆಯಲು ಹೊರಟಾಗ, ಅವರ ಪ್ರಾಣಿಬಲಿಯನ್ನು ನಿಷೇಧಿಸಿತು. ಆದರೆ ಕಸಾಯಿಖಾನೆಗಳಿಗೆ ಅಡ್ಡಿಯಿರಲಿಲ್ಲ. 1993ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ನಿಯಮಗಳನ್ನು ಒಮ್ಮತದಿಂದ ರದ್ದುಪಡಿಸಿತು. ಬಲಿಯನ್ನು ಮೆಚ್ಚುವುದು, ಮೆಚ್ಚದಿರುವುದು ಬೇರೆ ಮಾತು. ಒಂದು ಧರ್ಮವನ್ನು ‘ಮಾಟ’ ಎಂದರೆ ಪೊಲೀಸರು ಬರುತ್ತಾರೆ, ‘ಧರ್ಮ’ ಎಂದರೆ ಸಂವಿಧಾನ ಅದರ ನೆರವಿಗೆ ನಿಲ್ಲುತ್ತದೆ. ಹೆಸರಿನಲ್ಲಿ ಇಷ್ಟೊಂದು ಅಡಗಿದೆ.

ಕೊನೆಯದಾಗಿ, ಆಫ್ರಿಕನ್ನರು ಸಾಗಿದ್ದು ಅಟ್ಲಾಂಟಿಕ್ ಒಂದನ್ನೇ ಅಲ್ಲ. ಹಿಂದೂ ಮಹಾಸಾಗರವನ್ನು ದಾಟಿ ಬಂದವರ ವಂಶಜರಾದ ಸಿದ್ದಿಯರು ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿದ್ದಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಹಿರಿಯರ ಪೂಜೆ, ಡಮಾಮಿಯ ಬಡಿತಗಳೂ ಅವರ ಬಾಳಿನಲ್ಲಿವೆ. 2003ರಲ್ಲಿ ಉತ್ತರ ಕನ್ನಡ ಜಿಲ್ಲೆಯ ಸಿದ್ದಿಯರನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. ಅಮೆರಿಕದಲ್ಲಿ ಬೋಧಿಸಿದ ಪಾಷಿಂಗ್ಟನ್ ಒಬೆಂಗ್ ಎಂಬ ಆಫ್ರಿಕನ್ ವಿದ್ವಾಂಸರು ಈ ಸಿದ್ದಿಯರನ್ನು ಅಭ್ಯಸಿಸಿ 2007ರಲ್ಲಿ ಗ್ರಂಥ ಪ್ರಕಟಿಸಿದರು. ನಿಮ್ಮಲ್ಲಿ ಅನೇಕರು ಈಗ ಅಧ್ಯಾಪಕರಾಗಿದ್ದೀರಿ, ಕೆಲವರು ಆ ಸೀಮೆಯ ಶಾಲೆಗಳಲ್ಲಿಯೂ ಇರಬಹುದು. ತರಗತಿಯಲ್ಲಿ ಸಿದ್ದಿ ಮಗುವೊಂದಿದ್ದರೆ ಅದರ ಮನೆಯ ಪೂಜೆಗೆ ನೀವೇ ಒಂದು ಹೆಸರು ಕೊಟ್ಟುಬಿಡಬೇಡಿ. ಮನೆಯ ಅಜ್ಜಿಯನ್ನು ಕೇಳಿಕೊಂಡು ಬಾ ಎಂದು ಹೇಳಿ. ಆಕೆ ಹೇಳಿದ್ದನ್ನು ಆಕೆಯ ಮಾತಿನಲ್ಲಿಯೇ ಬರೆದಿಡಿ.