ಎರಡರಿಂದ ಶುರುವಾಗೋ ಮೆಣಸಿನಕಾಯಿ

ಹೋದ ವರ್ಷ ದೀಪಾವಳಿಗೆ ಊರಿಗೆ ಹೋದಾಗ ರಾಣೆಬೆನ್ನೂರಿನಿಂದ ಮಾಮಾ ಫೋನ್ ಮಾಡಿದ್ರು. ಕಿರಾಣಿ ಅಂಗಡಿಗೆ ಕಂಪ್ಯೂಟರ್ ಬಿಲ್ಲಿಂಗ್ ಹಾಕಿಸಿದ್ದರು. ಸ್ಕ್ಯಾನರ್ ಬಂದಿತ್ತು, ಜೊತೆಗೊಂದು ಪುಟ್ಟ ಲೇಬಲ್ ಪ್ರಿಂಟರ್. ಸೋಪು, ಬಿಸ್ಕೀಟಿಗೆ ಕಂಪನಿಯವರೇ ಬಾರ್‌ಕೋಡ್ ಹಾಕಿ ಕಳಿಸ್ತಾರೆ. ಅಂಗಡಿಯಲ್ಲೇ ತೂಗಿ ಕಟ್ಟುವ ಬೇಳೆ, ಶೇಂಗಾ, ಒಣಮೆಣಸಿನಕಾಯಿಗೆ ಯಾರು ಹಾಕಬೇಕು? ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಅಳಿಯನೇ ಹಾಕಬೇಕು.

ಅರ್ಧ ತಾಸಿನ ಕೆಲಸ ಅಂದ್ಕೊಂಡೆ. ಬಾರ್‌ಕೋಡಿನ ಚಿತ್ರವೊಂದನ್ನು ಮಾಡಿಕೊಂಡೆ. 50 ಮಿ.ಮೀ. ಅಗಲದ ಲೇಬಲ್ಲಿನಲ್ಲಿ ಹೆಸರು, ತೂಕ, ದರ ಎಲ್ಲಾ ಕೂರಬೇಕಲ್ಲ, ಹಾಗಾಗಿ ಚಿತ್ರವನ್ನು 30 ಮಿ.ಮೀ.ಗೆ ಕುಗ್ಗಿಸಿ ಪ್ರಿಂಟ್ ಕೊಟ್ಟೆ. ನೋಡೋಕೆ ಚೆಂದವಾಗೇ ಬಂತು. ಸ್ಕ್ಯಾನರ್ ಮಾತ್ರ ಜಪ್ಪಯ್ಯ ಅಂದರೂ ಓದಲಿಲ್ಲ. "ಏನಪಾ ಇಂಜಿನಿಯರಾ, ಇದು ಓದವಲ್ದಲ್ಲೋ" ಅಂದ್ರು ಮಾಮಾ, ಗಿರಾಕಿಗಳ ಮುಂದೆಯೇ.

ನನ್ನ ತಪ್ಪು ಗೊತ್ತಾಗಬೇಕಾದರೆ ಈ ಗೆರೆಗಳ ಹಳೇ ಕಥೆಗೆ ಹೋಗಬೇಕಾಯ್ತು. 1948ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಒಬ್ಬ ಕಿರಾಣಿ ಕಂಪನಿಯ ಯಜಮಾನ, ಸಾಮಾನಿನ ವಿವರ ತಾನಾಗೇ ಓದುವ ಯಂತ್ರ ಬೇಕು ಅಂತ ಕಾಲೇಜಿನ ಡೀನ್ ಹತ್ತಿರ ಕೇಳಿದ. ಆ ಮಾತು ಬರ್ನಾರ್ಡ್ ಸಿಲ್ವರ್ ಅನ್ನುವ ವಿದ್ಯಾರ್ಥಿಯ ಕಿವಿಗೆ ಬಿತ್ತು. ಅವನು ಗೆಳೆಯ ಜೋಸೆಫ್ ವುಡ್‌ಲ್ಯಾಂಡ್‌ಗೆ ಹೇಳಿದ. ವುಡ್‌ಲ್ಯಾಂಡ್ ಮಯಾಮಿಯ ಕಡಲ ದಂಡೆಯಲ್ಲಿ ಕೂತು ಮೋರ್ಸ್ ಕೋಡಿನ ಚುಕ್ಕೆ, ಗೀಟುಗಳ ಬಗ್ಗೆ ಯೋಚಿಸ್ತಾ ಮರಳಲ್ಲಿ ಬೆರಳಾಡಿಸಿದ. ಚುಕ್ಕೆ ಸಣ್ಣ ಗೆರೆಯಾಯ್ತು, ಗೀಟು ದಪ್ಪ ಗೆರೆಯಾಯ್ತು. 1952ರಲ್ಲಿ ಇಬ್ಬರಿಗೂ ಪೇಟೆಂಟ್ ಸಿಕ್ಕಿತು.

ಪೇಟೆಂಟಿನಲ್ಲಿ ಅವರು ಮುಖ್ಯವಾಗಿ ನೆಚ್ಚಿಕೊಂಡದ್ದು ನೇರ ಗೆರೆಯನ್ನಲ್ಲ, ಒಂದರೊಳಗೊಂದು ಇರುವ ವೃತ್ತಗಳನ್ನು. ಯಾವ ಕಡೆಯಿಂದ ಹಿಡಿದರೂ ಓದಬಹುದು ಅನ್ನೋ ಲೆಕ್ಕ. ಅದು ಸೋತದ್ದು ಮುದ್ರಣದಲ್ಲಿ. ಕಾಗದ ಓಡುವ ದಿಕ್ಕಿಗೆ ಶಾಯಿ ಹರಡಿದರೆ ವೃತ್ತ ಕೆಡುತ್ತದೆ. ಐಬಿಎಂನ ಜಾರ್ಜ್ ಲಾರರ್ ನೇರ ಗೆರೆಗಳನ್ನೇ ಆರಿಸಿಕೊಂಡ. ಕಾಗದ ಓಡುವ ದಿಕ್ಕಿನಲ್ಲೇ ಗೆರೆ ಇದ್ದರೆ ಶಾಯಿ ಹರಡಿದರೂ ಗೆರೆ ಉದ್ದವಾಗುತ್ತದೆಯೇ ಹೊರತು ದಪ್ಪವಾಗುವುದಿಲ್ಲ. ಓದುವ ಯಂತ್ರಕ್ಕೆ ಬೇಕಿರೋದು ದಪ್ಪದ ಅಳತೆ ಮಾತ್ರ. 1973ರಲ್ಲಿ ಅಮೆರಿಕದ ಕಿರಾಣಿ ಉದ್ಯಮ ಇದನ್ನು ಒಪ್ಪಿತು. 1974ರ ಜೂನ್ 26ರಂದು ಒಹಾಯೋ ರಾಜ್ಯದ ಟ್ರಾಯ್ ಊರಿನ ಅಂಗಡಿಯಲ್ಲಿ ಮೊದಲ ಸಲ ಈ ಕೋಡ್ ಸ್ಕ್ಯಾನ್ ಆಯ್ತು. ಸಾಮಾನು ಒಂದು ಚ್ಯೂಯಿಂಗ್ ಗಮ್ ಪ್ಯಾಕು.

ನಾನು ಕೆಡಿಸಿದ್ದು ಈ ದಪ್ಪವನ್ನೇ. ಮಾಮಾನ ಪ್ರಿಂಟರ್ 203 ಡಿಪಿಐದು, ಅಂದರೆ ಒಂದು ಮಿ.ಮೀ.ಗೆ ಎಂಟು ಚುಕ್ಕೆ. ಕಾಲು ಚುಕ್ಕೆ, ಅರ್ಧ ಚುಕ್ಕೆ ಹೊಡೆಯೋಕೆ ಅದಕ್ಕೆ ಬರಲ್ಲ. ಚಿತ್ರ ಕುಗ್ಗಿಸಿದಾಗ ಒಂದೇ ದಪ್ಪ ಇರಬೇಕಾದ ಗೆರೆಗಳಲ್ಲಿ ಕೆಲವು ಎರಡು ಚುಕ್ಕೆ, ಕೆಲವು ಮೂರು ಚುಕ್ಕೆ ಆಗಿದ್ದವು. ಚಿತ್ರ ಬಿಟ್ಟು, ಅತಿ ಸಣ್ಣ ಗೆರೆಗೆ ಸರಿಯಾಗಿ ಮೂರು ಚುಕ್ಕೆ ಅಂತ ಪ್ರಿಂಟರಿಗೇ ಹೇಳಿದೆ. ಎರಡೂ ಬದಿಯ ಖಾಲಿ ಜಾಗ ಸೇರಿ 42 ಮಿ.ಮೀ. ಆಯ್ತು. ಸ್ಕ್ಯಾನರ್ 'ಪೀಂ' ಅಂತು. ಮಾಮಾ ಚಹಾ ತರಿಸಿದ್ರು.

ಅಪ್ಪ ಅಲ್ಲೇ ಕೂತಿದ್ದರು. ಆ ಮೆಣಸಿನಕಾಯಿ ನಮ್ಮ ಹೊಲದ್ದೇ. ಬೆಳೆಯೆಲ್ಲ ಬ್ಯಾಡಗಿ ಮಾರುಕಟ್ಟೆಗೆ ಹೋಗುತ್ತದೆ, ಮನೆಗೆ ಅಂತ ಇಟ್ಟುಕೊಂಡದ್ದರಲ್ಲಿ ಒಂದು ಚೀಲ ಮಾತ್ರ ಮಾಮಾನ ಅಂಗಡಿಗೆ ಬರುತ್ತದೆ. ಪ್ಯಾಕೆಟ್ ಕೈಯಲ್ಲಿ ಹಿಡಿದು ಕೇಳಿದ್ರು, "ಇದರಾಗ ನಮ್ಮ ಹೊಲ ಎಲ್ಲೈತಿ?"

ಎಲ್ಲೂ ಇಲ್ಲ. ಆ ಹದಿಮೂರು ಅಂಕಿಗಳಲ್ಲಿ ಹೊಲವೂ ಇಲ್ಲ, ದರವೂ ಇಲ್ಲ. ದರ ಇರೋದು ಅಂಗಡಿಯ ಕಂಪ್ಯೂಟರಿನಲ್ಲಿ. ಕೊನೆಯ ಅಂಕಿ ಹಿಂದಿನ ಹನ್ನೆರಡು ಸರಿ ಇವೆಯಾ ಅಂತ ತಾಳೆ ನೋಡೋಕೆ, ಅಷ್ಟೇ. ಭಾರತದ ಸಾಮಾನು ಅಂದರೆ 890ರಿಂದ ಶುರು ಅಂತ ವಾಟ್ಸಾಪಿನಲ್ಲಿ ಓದಿರ್ತೀರಿ. ಅದೂ ಪೂರ್ತಿ ಸರಿಯಲ್ಲ. 1996ರಲ್ಲಿ ಶುರುವಾದ, ಈಗ ಜಿಎಸ್1 ಇಂಡಿಯಾ ಎನಿಸಿಕೊಂಡಿರುವ ಸಂಸ್ಥೆ ಆ ಸಂಖ್ಯೆ ಕೊಟ್ಟಿದೆ ಅಂತ ಮಾತ್ರ ಅದರ ಅರ್ಥ. ಬೆಳೆದದ್ದು ಎಲ್ಲಿ ಅಂತಲ್ಲ. ನಾನು ಹಾಕಿದ್ದು ಅದೂ ಅಲ್ಲ, ಎರಡರಿಂದ ಶುರುವಾಗುವ ಸಂಖ್ಯೆ. ಅದನ್ನು ಅಂಗಡಿಗಳ ಒಳಬಳಕೆಗೆ ಬಿಟ್ಟಿದ್ದಾರೆ. ಮನೆಯಲ್ಲಿ ಕರೆಯೋ ಹೆಸರಿದ್ದ ಹಾಗೆ, ಹೊಸ್ತಿಲು ದಾಟಿದರೆ ಯಾರಿಗೂ ಗೊತ್ತಾಗಲ್ಲ.

ಬ್ಯಾಡಗಿಗೆ ಹೋದ ಚೀಲಗಳ ಕಥೆ ಇನ್ನೊಂದು. ನಾನು ಹುಡುಗನಿದ್ದಾಗ ಅಪ್ಪನ ಜೊತೆ ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ಬಿಟ್ಟು ಒಳಗೆ ತಿರುಗುವಾಗಲೇ ಘಾಟು ಮೂಗಿಗೆ ಬರ್ತಿತ್ತು. ದಲಾಲಿ ಅಂಗಡಿ ಮುಂದೆ ರಾಶಿ ಹಾಕಿದಾಗ ಅದು 'ನಮ್ಮ ಮಾಲು'. 2014ರಲ್ಲಿ ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆ ಶುರುವಾದ ಮೇಲೆ ಮಾಲಿಗೆ ಕಂಪ್ಯೂಟರಿನಲ್ಲಿ ಲಾಟ್ ನಂಬರ್ ಬರತೊಡಗಿತು, ಟೆಂಡರ್ ಅದರ ಮೇಲೆ ನಡೆಯುತ್ತದೆ. ಆ ನಂಬರ್ ತೂಕ, ಹಣದ ತನಕ ರೈತನ ಜೊತೆ ಇರುತ್ತದೆ. ಆಮೇಲೆ ನಮ್ಮ ಕಾಯಿ ಬಳ್ಳಾರಿ, ರಾಯಚೂರು, ಆಂಧ್ರದಿಂದ ಬಂದ ಕಾಯಿಯ ಜೊತೆ ಬೆರೆತು ಪುಡಿಯಾಗಬಹುದು, ಬಣ್ಣದ ಎಣ್ಣೆಯಾಗಬಹುದು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಜಿಐ ಮಾನ್ಯತೆ ಸಿಕ್ಕಿತು, ಹೆಸರಿಗೆ ಕಾನೂನಿನ ಬೇಲಿ ಬಿತ್ತು. ಆದರೆ ಬೆಂಗಳೂರಿನ ಮಾಲ್‌ನಲ್ಲಿ ಪೀಂ ಅನ್ನುವ ಸಂಖ್ಯೆ ಹುಟ್ಟೋದು ಪ್ಯಾಕ್ ಮಾಡಿದವರ ಹತ್ತಿರ, ಲಾಟ್ ನಂಬರ್ ಸತ್ತ ಎಷ್ಟೋ ದಿನದ ಮೇಲೆ. ನಡುವಿನ ದಾರಿ ಆ ಗೆರೆಗಳಲ್ಲಿ ದಾಖಲಾಗಿಲ್ಲ.

ದಿನವೂ ಡೇಟಾಬೇಸ್ ಜೋಡಿಸೋ ನನಗೆ ಇದು ದೊಡ್ಡ ತಾಂತ್ರಿಕ ಸಮಸ್ಯೆ ಅಂತ ಅನ್ನಿಸಲ್ಲ. ಎರಡು ಸಂಖ್ಯೆಗಳನ್ನು ಒಂದಕ್ಕೊಂದು ಕಟ್ಟಬೇಕು. ಕಟ್ಟಲಿ ಅಂತ ಕೇಳೋರು ಬೇಕು. ಚ್ಯೂಯಿಂಗ್ ಗಮ್ ಕಾಲದಿಂದಲೂ ಈ ಗೆರೆಗಳಿಗೆ ಯಾರೂ ಕೇಳಿದ್ದು ಒಂದೇ ಪ್ರಶ್ನೆ: ಬಿಲ್ ಎಷ್ಟು? ಅಪ್ಪ ಕೇಳಿದ್ದು ಬೇರೆ.

ಲೇಬಲ್ಲಿನ ಕೆಳಗೆ ಸ್ವಲ್ಪ ಜಾಗ ಉಳಿದಿತ್ತು. ಅಲ್ಲಿ ನಮ್ಮೂರ ಹೆಸರು, ತಾಲೂಕು ಬ್ಯಾಡಗಿ ಅಂತ ಕನ್ನಡದಲ್ಲಿ ಒಂದು ಸಾಲು ಸೇರಿಸಿದೆ. ಸ್ಕ್ಯಾನರಿಗೆ ಅದು ಕಾಣಲ್ಲ. ಅಪ್ಪ ಕನ್ನಡಕ ಹಾಕ್ಕೊಂಡು ಎರಡು ಸಲ ಓದಿದ್ರು.