ಒಂದು ಕೋವಿ, ಎರಡು ಗುರಿ

ಬ್ರಿಟಿಷರ ಕಾಲದ ದೊಡ್ಡ ಶಿಕಾರಿಗಳಿಗೆ ಜೋಡುನಳಿಗೆಯ ರೈಫಲ್ ಅಚ್ಚುಮೆಚ್ಚು. ಮೊದಲ ಗುಂಡಿಗೆ ಬೀಳದ ಹುಲಿಯೋ ಕಾಟಿಯೋ ತಿರುಗಿ ನುಗ್ಗಿದರೆ ಎರಡನೆಯ ಗುಂಡು ಆ ಕ್ಷಣಕ್ಕೆ ಸಿದ್ಧವಾಗಿರುತ್ತಿತ್ತು. ಆದರೆ ಇಂಗ್ಲೆಂಡಿನ ಚಳಿಯಲ್ಲಿ ಎರಡೂ ಗುಂಡುಗಳನ್ನು ಒಂದೇ ಕಡೆ ಹೊಡೆದ ಕೋವಿ, ಭಾರತದ ಬೇಸಿಗೆಯಲ್ಲಿ ಒಂದನ್ನು ಅತ್ತ, ಇನ್ನೊಂದನ್ನು ಇತ್ತ ಹೊಡೆಯುವುದಿತ್ತು. ಇದು ಶಿಕಾರಿಯ ಕೈನಡುಕವಷ್ಟೇ ಆಗಿರಲಿಲ್ಲ. ದೋಷದ ಮೂಲ ತೋಟಾದೊಳಗಿನ ಮದ್ದಿನಲ್ಲಿತ್ತು.

ನಳಿಗೆಗಳು ಸಮಾನಾಂತರವಾಗಿದ್ದರೆ ಗುಂಡುಗಳೂ ಜೊತೆಯಾಗಿ ಹೋಗುತ್ತವೆ ಎಂದು ಯಾರಿಗಾದರೂ ಅನ್ನಿಸಬಹುದು. ವಾಸ್ತವ ಬೇರೆ. ಬಲನಳಿಗೆ ಹಾರಿದಾಗ ಕೋವಿ ಹಿಂದಕ್ಕೆ ಒದೆಯುವುದರ ಜೊತೆಗೆ ಮೇಲಕ್ಕೂ ಬಲಕ್ಕೂ ಹೊರಳುತ್ತದೆ. ಗುಂಡು ಇನ್ನೂ ನಳಿಗೆಯೊಳಗಿರುವಾಗಲೇ ಈ ಹೊರಳಾಟ ಶುರುವಾಗುತ್ತದೆ. ಎಡನಳಿಗೆಯದು ಎಡಕ್ಕೆ. ಆದ್ದರಿಂದ ನಳಿಗೆಗಳನ್ನು ಬಾಯಿಯ ಕಡೆ ತುಸು ಹತ್ತಿರ ಬರುವಂತೆ ಬೆಸೆಯುತ್ತಿದ್ದರು. ಎಷ್ಟು ಹತ್ತಿರ ಎಂಬುದನ್ನು ಕಾಗದದ ಮೇಲಿನ ಲೆಕ್ಕ ಹೇಳಲಾರದು. ಕುಶಲಕರ್ಮಿ ಗುಂಡು ಹಾರಿಸಿ ನೋಡಿ, ಬೆಸುಗೆಯನ್ನು ಕಾಯಿಸಿ, ನಡುವಿನ ಬೆಣೆಯನ್ನು ಕೂದಲೆಳೆಯಷ್ಟು ಸರಿಸಿ, ಮತ್ತೆ ಹಾರಿಸಿ ಹೊಂದಿಸಬೇಕಿತ್ತು. ಹೀಗೆ ಹೊಂದಿಸಿದ ಕೋವಿ ಒಂದೇ ಬಗೆಯ ತೋಟಾಕ್ಕೆ ಒಗ್ಗುತ್ತಿತ್ತು. ಎಷ್ಟೋ ಕೋವಿಗಳ ಮೇಲೆ ಮದ್ದಿನ ಹಾಗೂ ಗುಂಡಿನ ತೂಕವನ್ನು ಕೆತ್ತಿರುವುದು ಇದಕ್ಕಾಗಿಯೇ.

1889ರಲ್ಲಿ ಫ್ರೆಡರಿಕ್ ಅಬೆಲ್ ಮತ್ತು ಜೇಮ್ಸ್ ಡ್ಯೂಯರ್ 'ಕಾರ್ಡೈಟ್' ಎಂಬ ಹೊಗೆರಹಿತ ಮದ್ದನ್ನು ರೂಪಿಸಿದರು. 1898ರಲ್ಲಿ ಜಾನ್ ರಿಗ್ಬಿ ಕಂಪನಿ ಇದನ್ನು ಬಳಸುವ .450 ನೈಟ್ರೋ ಎಕ್ಸ್‌ಪ್ರೆಸ್ ರೈಫಲನ್ನು ಹೊರತಂದಿತು. 70 ಗ್ರೇನ್, ಅಂದರೆ ನಾಲ್ಕೂವರೆ ಗ್ರಾಂ ಮದ್ದು 31 ಗ್ರಾಂ ತೂಕದ ಗುಂಡನ್ನು ಸೆಕೆಂಡಿಗೆ ಸುಮಾರು 2,150 ಅಡಿ ವೇಗದಲ್ಲಿ ತಳ್ಳುತ್ತಿತ್ತು. ಕಾರ್ಡೈಟಿನ ದೌರ್ಬಲ್ಯವೆಂದರೆ ಬಿಸಿಲು. ಕಾದ ಮದ್ದು ಹೆಚ್ಚು ಒತ್ತಡ ಹುಟ್ಟಿಸುತ್ತದೆ. ಗುಂಡು ಬೇಗ ಹೊರಬಿದ್ದು, ಕೋವಿ ಪೂರ್ತಿ ಹೊರಳುವಷ್ಟರಲ್ಲಿ ಹೋಗಿರುತ್ತದೆ. ಆಗ ಬಲನಳಿಗೆಯ ಗುಂಡು ಎಡಕ್ಕೂ ಎಡನಳಿಗೆಯದು ಬಲಕ್ಕೂ ದಾಟುತ್ತವೆ. ಮದ್ದು ದುರ್ಬಲವಾಗಿದ್ದರೆ ಇದಕ್ಕೆ ತದ್ವಿರುದ್ಧ. ಗುಂಡುಗಳು ಹೊರಕ್ಕೆ ಅಗಲುತ್ತವೆ. ಗುರಿಹಲಗೆಯ ತೂತುಗಳನ್ನು ನೋಡಿಯೇ ಅನುಭವಿಗಳು ರೋಗ ಹೇಳಬಲ್ಲವರಾಗಿದ್ದರು.

ಪರಿಹಾರವಾಗಿ ಬಿಸಿ ದೇಶಗಳಿಗೆ ಕಡಿಮೆ ಮದ್ದಿನ ತೋಟಾಗಳು ಬಂದವು. ಅವಕ್ಕೇ ಹೊಂದಿಸಿದ ಕೋವಿಗಳೂ ತಯಾರಾದವು. ಇಷ್ಟಾದರೂ ತೋಟಾ ಅದಲುಬದಲಾದರೆ ಹಳೆಯ ಕಥೆಯೇ. ಇದರ ನಡುವೆ ಸರ್ಕಾರ ಭಾರತದಲ್ಲಿ .450 ಅಳತೆಯನ್ನು ನಿಷೇಧಿಸಿತು. ಅದೇ ಅಳತೆಯ ಹಳೆಯ ಸೈನಿಕ ಬಂದೂಕುಗಳಿಗೆ ಬಂಡುಕೋರರ ಕೈಯಲ್ಲಿ ಗುಂಡು ಸಿಗಬಾರದೆಂಬುದು ಕಾರಣ. ಕಂಪನಿಗಳು .465, .470, .475 ಎಂದು ಹೊಸ ಅಳತೆಗಳನ್ನು ತಂದವು.

ಗುರಿ ತಪ್ಪಿದ ಗುಂಡಿಗೆ ಬೆಲೆ ತೆರುತ್ತಿದ್ದವರು ಶಿಕಾರಿಗಳಷ್ಟೇ ಅಲ್ಲ. ತೇಜಸ್ವಿಯವರ ಅನುವಾದಗಳಿಂದ ಕನ್ನಡಿಗರಿಗೆ ಆಪ್ತರಾದ ಜಿಮ್ ಕಾರ್ಬೆಟ್ 1907ರಲ್ಲಿ ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು ಕೊಂದರು. ಅದರ ಬಲಭಾಗದ ಕೋರೆಹಲ್ಲುಗಳು ಹಳೆಯ ಗುಂಡೇಟಿನಿಂದ ಮುರಿದಿದ್ದವು. ಸಹಜ ಬೇಟೆಯಾಡಲಾರದೆ ಅದು ಮನುಷ್ಯರ ಮೇಲೆ ಬಿದ್ದಿತೆಂದು ಕಾರ್ಬೆಟ್ ಬರೆದಿದ್ದಾರೆ. ಅದು ಬಲಿ ತೆಗೆದುಕೊಂಡವರು 436 ಮಂದಿ ಎಂಬುದು ಅವರು ಕೊಟ್ಟ ಲೆಕ್ಕ. ಆ ಹಳೆಯ ಗುಂಡು ಯಾರ ಕೋವಿಯದೋ ಏನೋ, ಕೊಲ್ಲದೆ ಗಾಯಗೊಳಿಸಿ ಹೋಗಿತ್ತು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹವ್ಯಾಸದ ಬೇಟೆಗೆ ಕಡಿವಾಣ ಹಾಕಿತು. ಆ ಕಾಲದ ಕೋವಿಗಳ ಮೇಲೆ ಕೆತ್ತಿದ ಮದ್ದಿನ ತೂಕ ಮಾತ್ರ ಇನ್ನೂ ಮಾಸಿಲ್ಲ.